ಕಟ್ಟೆಗೆ ಹೊಸ ಕಲ್ಲು, ಕೆಳಗೆ ಹಳೆ ಬಾಗಿಲು

ಅಡುಗೆಮನೆ ಕಟ್ಟೆಗೆ ಹೊಸ ಕಲ್ಲು ಹಾಕಿಸಬೇಕು ಅಂತ ಯಾರ ಮುಂದಾದರೂ ಬಾಯಿ ಬಿಟ್ಟು ನೋಡಿ. ಕಲ್ಲಿನ ಮಾತು ಅಲ್ಲಿಗೇ ನಿಲ್ಲುತ್ತದೆ. "ಹೆಂಗೂ ಕೆಲಸ ಹಿಡದೀರಿ, ಕೆಳಗಿನ ಕಪಾಟೂ ಕಿತ್ತಿ ಟ್ರಾಲಿ ಮಾಡಿಸಿಬಿಡ್ರಿ" ಅನ್ನುವ ಮಾತು ಶುರುವಾಗುತ್ತದೆ. ಟ್ರಾಲಿ ಅಂದರೆ ಎಳೆಯುವ ಡ್ರಾವರ್‌ಗಳಿರುವ ಸಿದ್ಧ ಕಪಾಟು. ಗ್ರಾನೈಟ್ ಅಂಗಡಿಯವರು, ಪಕ್ಕದ ಮನೆಯವರು, ಬೆಂಗಳೂರಿನಿಂದ ಫೋನ್ ಮಾಡುವ ನಾದಿನಿ, ಎಲ್ಲರದೂ ಒಂದೇ ರಾಗ. ಹಳೆ ಬಾಗಿಲ ಮೇಲೆ ಹೊಸ ಕಲ್ಲು ಚಂದ ಕಾಣುವುದಿಲ್ಲವಂತೆ. ಇನ್ನೊಂದು ಸಲ ಮನೆಯೆಲ್ಲ ಧೂಳು ಮಾಡಿಕೊಳ್ಳುವ ಬದಲು ಒಂದೇ ಏಟಿಗೆ ಮುಗಿಸುವುದು ಶಾಣ್ಯಾತನವಂತೆ.

ನಮ್ಮದು ಧಾರವಾಡದ ಸಪ್ತಾಪುರದಲ್ಲಿ ಮಾವನವರು 1986ರಲ್ಲಿ ಕಟ್ಟಿಸಿದ ಮನೆ. ಅಡುಗೆಮನೆಯಲ್ಲಿ ಎಲ್ ಆಕಾರದ ಕಟ್ಟೆ. ಮೇಲೆ ಕಡಪಾ ಕಲ್ಲು, ಕೆಳಗೆ ಸಾಗವಾನಿ ಚೌಕಟ್ಟು, ಅದಕ್ಕೆ ಸಾಗವಾನಿಯದೇ ಬಾಗಿಲು. ಕಲ್ಲು ಬದಲಿಸುವ ಬಗ್ಗೆ ಮನೆಯಲ್ಲಿ ಯಾರದೂ ತಕರಾರಿರಲಿಲ್ಲ. ಕಡಪಾ ನೋಡಲು ಎಷ್ಟೇ ಕಪ್ಪಗಿದ್ದರೂ ಅದು ಸುಣ್ಣದ ಕಲ್ಲಿನ ಜಾತಿ. ನಮ್ಮ ಶಹಾಬಾದ ಫರಸಿಯೂ ಅದೇ ಜಾತಿ. ಹುಳಿ ಬಿದ್ದರೆ ಅದಕ್ಕೆ ತಡೆಯುವುದಿಲ್ಲ. ಲಿಂಬೆ ಹಿಂಡಿದ ಜಾಗ, ಹುಣಸೆಹಣ್ಣು ನೆನೆಸಿಟ್ಟ ಬಟ್ಟಲಿನ ಅಡಿ, ಮಜ್ಜಿಗೆ ಚೆಲ್ಲಿದ ಕಡೆ, ಎಲ್ಲ ಕಡೆ ಪಾಲಿಶ್ ಹೋಗಿ ಬೂದು ಕಲೆ ಕೂತಿತ್ತು. ಕೊಬ್ಬರಿ ಎಣ್ಣೆ ಒರೆಸಿದರೆ ಒಂದು ದಿನ ಕಪ್ಪಗೆ ಕಾಣುತ್ತಿತ್ತು, ಮರುದಿನ ಮತ್ತೆ ಅದೇ ಬೂದು. ಸಾಲದ್ದಕ್ಕೆ ಸಿಂಕಿನ ಮುಂದಿನ ಪಟ್ಟಿ ಬಿರುಕು ಬಿಟ್ಟಿತ್ತು. ಸಿಂಕಿಗೆ ಕಲ್ಲು ಕತ್ತರಿಸಿದಾಗ ಮುಂದೆ ಉಳಿಯುವುದು ಎರಡು ಮೂರು ಇಂಚಿನ ಪಟ್ಟಿ. ಇಡೀ ಕಟ್ಟೆಯಲ್ಲಿ ಅದೇ ಬಡಕಲು ಜಾಗ, ಎಲ್ಲರೂ ಹೊಟ್ಟೆ ಆನಿಸಿ ನಿಲ್ಲುವುದೂ ಅಲ್ಲೇ.

ತಕರಾರು ಇದ್ದದ್ದೆಲ್ಲ ಕಲ್ಲಿನ ಕೆಳಗಿನದರ ಬಗ್ಗೆ.

ಈ "ಎರಡೂ ಒಟ್ಟಿಗೆ ಬದಲಿಸಿ" ಅನ್ನುವ ಸಲಹೆ ಸುಳ್ಳೇನಲ್ಲ. ಅದು ಬೇರೆ ಥರದ ಅಡುಗೆಮನೆಯ ಸಲಹೆ. ಅಮೆರಿಕದ ಕಡೆ ಮತ್ತು ಈಗ ನಮ್ಮ ಕೆಲವು ಹೊಸ ಫ್ಲಾಟುಗಳಲ್ಲೂ, ಗೋಡೆಗುಂಟ ಮರದ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುತ್ತಾರೆ. ಅವುಗಳ ತಲೆ ಮೇಲೆಯೇ ಕಲ್ಲು ಕೂರಿಸಿ ಅಂಟಿಸುತ್ತಾರೆ. ಅಲ್ಲಿ ಕಲ್ಲಿನ ಭಾರ ಹೊರುವುದೇ ಕಪಾಟು. ಭಾರ ಅಂದರೆ ಸುಮ್ನೆ ಅಲ್ಲ. 20 ಮಿಲಿಮೀಟರ್ ದಪ್ಪದ ಗ್ರಾನೈಟ್ ಒಂದು ಚದರ ಅಡಿಗೆ ಸುಮಾರು 5 ಕೆಜಿ ತೂಗುತ್ತದೆ. ಹತ್ತು ಅಡಿ ಉದ್ದ, ಎರಡು ಅಡಿ ಅಗಲದ ಕಟ್ಟೆ ಅಂದರೆ ಒಂದು ಕ್ವಿಂಟಲ್ ಆಯಿತು. ಅಂಥ ಮನೆಯಲ್ಲಿ ಹಳೆ ಪೆಟ್ಟಿಗೆ ಉಳಿಸಿಕೊಂಡು ಹೊಸ ಕಲ್ಲು ಹಾಕಿಸಿದರು ಅನ್ನಿ. ನಾಲ್ಕು ವರ್ಷಕ್ಕೆ ಪೆಟ್ಟಿಗೆ ಕೈಕೊಟ್ಟರೆ ಕಲ್ಲನ್ನೂ ಎತ್ತಬೇಕು. ಅಂಟಿಸಿದ ಕಲ್ಲು ಇಡಿಯಾಗಿ ಎದ್ದು ಬರುತ್ತದೆ ಅಂತ ಯಾವ ಮಿಸ್ತ್ರಿಯೂ ಖಾತ್ರಿ ಕೊಡುವುದಿಲ್ಲ. ಹಾಗಾಗಿ ಅಲ್ಲಿ ಕಲ್ಲು, ಕಪಾಟು ಎರಡರದೂ ಒಂದೇ ಲೆಕ್ಕ.

ನಮ್ಮ ಕಡೆಯ ಹಳೆ ಮನೆಗಳಲ್ಲಿ ಹಾಗಿಲ್ಲ. ಇಲ್ಲಿ ಕಲ್ಲನ್ನು ಹೊರುವುದು ಗೌಂಡಿ ಕಟ್ಟಿದ್ದು, ಬಡಿಗ ಮಾಡಿದ್ದಲ್ಲ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಯನ್ನೋ, ನೆಟ್ಟಗೆ ನಿಲ್ಲಿಸಿದ ಕಡಪಾ ಹಲಗೆಯನ್ನೋ ಎರಡು ಎರಡೂವರೆ ಅಡಿಗೊಂದರಂತೆ ಕೊಟ್ಟು, ಹಿಂದೆ ಗೋಡೆಗೆ ಒಂದಿಂಚು ಕೊರೆದು ಕಲ್ಲನ್ನು ಒಳಗೆ ಸೇರಿಸಿರುತ್ತಾರೆ. ಬಡಿಗ ಬಂದದ್ದು ಆಮೇಲೆ. ಆ ಖಾನೆಗಳ ಮುಖಕ್ಕೆ ಒಂದು ಚೌಕಟ್ಟು ಹೊಡೆದು ಬಾಗಿಲು ಕೂರಿಸಿ ಹೋದ. ನಾವು ಕಪಾಟು ಅನ್ನುತ್ತೇವೆ, ಆದರೆ ಅದಕ್ಕೆ ಬೆನ್ನಿಲ್ಲ, ತಳವಿಲ್ಲ, ತಲೆಯೂ ಇಲ್ಲ. ಇರುವುದು ಮುಖ ಮಾತ್ರ. ಅದನ್ನು ಇವತ್ತು ಕಿತ್ತರೂ ಕಲ್ಲು ಕದಲುವುದಿಲ್ಲ, ಹತ್ತು ವರ್ಷ ಬಿಟ್ಟು ಕಿತ್ತರೂ ಕದಲುವುದಿಲ್ಲ. ಹಾಗಿದ್ದಮೇಲೆ "ಈಗಲೇ ಮಾಡಿಸಬೇಕು, ಇಲ್ಲಾಂದ್ರೆ ಕಲ್ಲು ಹಾಳು" ಅನ್ನುವ ಹೆದರಿಕೆ ನಮಗೆ ಯಾಕೆ?

ಇಷ್ಟು ತಿಳಿದಿದ್ದರೂ ಒಮ್ಮೆ ನೋಡಿ ಬರೋಣ ಅಂತ ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಒಂದು ಶೋರೂಮಿಗೆ ಹೋದೆವು. ಅತ್ತಿಯನ್ನೂ ಕರೆದುಕೊಂಡು ಹೋಗಿದ್ದೆ. ಹುಡುಗ ಬಹಳ ಚುರುಕು. ಕಂಪ್ಯೂಟರ್ ಮೇಲೆ ನಮ್ಮ ಅಡುಗೆಮನೆಯನ್ನೇ ಬಿಡಿಸಿ, ತಿರುಗಿಸಿ ತೋರಿಸಿದ. ಚಮಚಕ್ಕೊಂದು, ತಟ್ಟೆಗೊಂದು, ಎಣ್ಣೆ ಬಾಟಲಿಗೊಂದು ಖಾನೆ. ಸದ್ದಿಲ್ಲದೆ ಮುಚ್ಚಿಕೊಳ್ಳುವ ಡ್ರಾವರ್. ನನಗೂ ಆಸೆ ಆಗಲಿಲ್ಲ ಅಂತೇನಿಲ್ಲ. ಅತ್ತಿ ಮಾತ್ರ ಅಲ್ಲಿ ಇಟ್ಟಿದ್ದ ಮಾದರಿ ಕಟ್ಟೆಯ ಮುಂದೆ ನಿಂತು, ಅಂಗೈಯಿಂದ ಎರಡು ಸಲ ಬಡಿದು ನೋಡಿದರು. ಒಳಗಿದ್ದ ಸ್ಟೀಲ್ ಜಾಳಿಗೆ ಝಣ್ ಅಂತು.

"ಚಂದ ಐತಿ. ಆದ್ರ ಇದರ ಮ್ಯಾಲೆ ರೊಟ್ಟಿ ಬಡದ್ರ ಒಳಗಿನ ಡಬ್ಬಿ ಎಲ್ಲಾ ಕುಣೀತಾವು."

ಹುಡುಗ ನಕ್ಕ. ನಾನು ನಗಲಿಲ್ಲ, ಯಾಕಂದರೆ ಅದು ನಮ್ಮ ಮನೆಯ ದಿನದ ಸಂಗತಿ. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಜಿಗಿ ಇರುವುದಿಲ್ಲ. ಲಟ್ಟಣಿಗೆ ಹಿಡಿದು ಎಳೆದರೆ ಅಂಚು ಒಡೆಯುತ್ತದೆ. ಬಿಸಿನೀರು ಹಾಕಿ ನಾದಿ, ಹಿಟ್ಟು ಉದುರಿಸಿ, ಅಂಗೈಯಲ್ಲಿ ತಿರುಗಿಸುತ್ತ ಬಡಿಯಬೇಕು. ಒಂದು ರೊಟ್ಟಿಗೆ ಎಷ್ಟು ಪೆಟ್ಟು ಬೀಳುತ್ತವೋ, ದಿನಕ್ಕೆ ಎಷ್ಟು ರೊಟ್ಟಿಯೋ, ಲೆಕ್ಕ ಹಾಕಿದವರಿಲ್ಲ. ಆ ಪೆಟ್ಟೆಲ್ಲ ಇಳಿಯುವುದು ಕಲ್ಲಿಗೆ, ಕಲ್ಲಿನಿಂದ ಅದನ್ನು ಹೊತ್ತದ್ದಕ್ಕೆ. ಇಟ್ಟಿಗೆ ಗೋಡೆಗೆ ಅದು ಗೊತ್ತೂ ಆಗುವುದಿಲ್ಲ. ಸ್ಕ್ರೂ ಹಾಕಿ ಜೋಡಿಸಿದ ಪುಡಿಹಲಗೆಯ ಪೆಟ್ಟಿಗೆ ಮೊದಲ ವರ್ಷ ಸುಮ್ಮನಿರುತ್ತದೆ. ಆಮೇಲೆ ಒಂದೊಂದೇ ಸ್ಕ್ರೂ ಸಡಿಲಾಗುತ್ತ ಬರುತ್ತದೆ.

ಇದರ ಜೊತೆಗೆ ಎತ್ತರದ ಪ್ರಶ್ನೆ. ಈಗಿನ ಕಟ್ಟೆಗಳು 33–34 ಇಂಚು ಎತ್ತರ ಇರುತ್ತವೆ. ತರಕಾರಿ ಹೆಚ್ಚಲು, ಪಾತ್ರೆ ತೊಳೆಯಲು ಅದು ಸರಿ, ಬೆನ್ನು ಬಗ್ಗಿಸಬೇಕಿಲ್ಲ. ರೊಟ್ಟಿ ಬಡಿಯಲು ಮಾತ್ರ ಕಟ್ಟೆ ಮೊಣಕೈಗಿಂತ ಚೆನ್ನಾಗಿ ಕೆಳಗಿರಬೇಕು, ಆಗಲೇ ಭುಜದ ಭಾರ ಅಂಗೈಗೆ ಇಳಿಯುವುದು. ನಮ್ಮ ಹಳೆ ಕಟ್ಟೆ ಸರಿಯಾಗಿ 30 ಇಂಚು. ಮಾವನವರು ಕಟ್ಟಿಸುವಾಗ ಅತ್ತಿಯನ್ನು ನಿಲ್ಲಿಸಿ ಅಳತೆ ತೆಗೆಸಿದ್ದರಂತೆ. ಟ್ರಾಲಿ ಪೆಟ್ಟಿಗೆಗಳು ಬರುವುದು ಅವುಗಳ ಅಳತೆಯಲ್ಲೇ. 30 ಇಂಚಿಗೆ ಬೇಕು ಅಂದರೆ ಎಲ್ಲವನ್ನೂ ಹೇಳಿ ಮಾಡಿಸಬೇಕು, ಅದಕ್ಕೆ ದರ ಬೇರೆ. ಕೊಟೇಶನ್ ಹಾಳೆ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡು ಬಂದೆವು.

ಮನೆಗೆ ಬಂದು ನಮ್ಮ ಹಳೆ ಬಡಿಗ ಮಿಸ್ತ್ರಿಯನ್ನು ಕರೆಸಿದೆ. ಈ ಭಾಗವನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕಂದರೆ ನಿರ್ಧಾರ ಆದದ್ದು ಶೋರೂಮಿನಲ್ಲಿ ಅಲ್ಲ, ಅವರು ಚಾಪೆ ಹಾಸಿ ಅಡುಗೆಮನೆಯಲ್ಲಿ ಕೂತಾಗ.

ಅವರು ಮೊದಲು ಮಾಡಿದ್ದು ಬಾಗಿಲು ನೋಡುವುದಲ್ಲ, ಬಿಜಾಗರಿ ನೋಡುವುದು. ಪ್ರತಿ ಬಾಗಿಲಿನ ಮೇಲಿನ ಬಿಜಾಗರಿಯ ಒಂದು ಸ್ಕ್ರೂ ಬಿಚ್ಚಿ, ಮತ್ತೆ ತಿರುಗಿಸಿ ಹಾಕಿದರು. ಬಿಗಿಯಾಗಿ ಕೂತರೆ ಕಟ್ಟಿಗೆ ಗಟ್ಟಿ ಇದೆ ಅಂತ ಅರ್ಥ. ಸುಮ್ಮನೆ ಗರಗರ ತಿರುಗಿದರೆ ಒಳಗೆ ಪುಡಿಯಾಗಿದೆ. ಆಮೇಲೆ ದಪ್ಪ ದಬ್ಬಣ ತೆಗೆದುಕೊಂಡು ಚೌಕಟ್ಟಿನ ಕಾಲುಗಳ ಬುಡಕ್ಕೆ, ನೆಲಕ್ಕೆ ತಾಗುವ ಕಡೆ, ಚುಚ್ಚುತ್ತ ಹೋದರು. ಸಾಗವಾನಿಯ ಕೆಂಪು ತಿರುಳಿನಲ್ಲಿ ದಬ್ಬಣ ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಒಂದು ಕಾಲಿನ ಅಂಚಿನಲ್ಲಿ ಬಿಳಿ ಪಟ್ಟಿ ಇತ್ತು. ಅಲ್ಲಿ ಬೆಣ್ಣೆಗೆ ಇಳಿದಂತೆ ಇಳಿಯಿತು. ಬೆರಳಿನಲ್ಲಿ ಒತ್ತಿದರೆ ಪುಡಿ. ಗೆದ್ದಲು ಬಿಳಿ ಭಾಗವನ್ನಷ್ಟೇ ಗೆರೆ ಎಳೆದ ಹಾಗೆ ತಿಂದು, ಕೆಂಪು ಬಂದಲ್ಲಿ ನಿಂತಿತ್ತು. ಮರದ ಹೊರಸುತ್ತಿನ ಹಸಿ ಭಾಗಕ್ಕೆ ತಿರುಳಿನಲ್ಲಿರುವ ಎಣ್ಣೆಯಂಶ ಇರುವುದಿಲ್ಲ, ಹುಳಕ್ಕೆ ಅದು ಊಟ. ತಿರುಳಿಗೆ ಬಾಯಿ ಹಾಕುವುದು ಕಡಿಮೆ. ಸಾಗವಾನಿ ಅಂತ ಮಾರುವ ಕಟ್ಟಿಗೆಯಲ್ಲಿ ಬಿಳಿ ಎಷ್ಟಿದೆ ಅಂತ ನೋಡಿ ತರುವುದು ಅದಕ್ಕೇ.

"ಅಕ್ಕಾರ, ಇದನ್ನ ಒಗದ್ರ ಇಂಥಾ ಕಟಗಿ ಮತ್ತ ತರಾಕ ಆಗೂದಿಲ್ರಿ. ದಾಂಡೇಲಿ ಡಿಪೋದ್ದು ಇದು. ಆದ್ರ ಸಿಂಕಿನ ಕೆಳಗಿಂದು ಇಡಬ್ಯಾಡ್ರಿ, ಅದು ಹೋಗೇತಿ."

ಸಿಂಕಿನ ಕೆಳಗಿನದು ನಡುವೆ ಯಾವಾಗಲೋ ಹಾಕಿಸಿದ ಪ್ಲೈವುಡ್. ಮುಂದೆ ಸನ್‌ಮೈಕಾ ನೀಟಾಗಿ ನಗುತ್ತಿತ್ತು. ಹಿಂದೆ ಕೈ ಹಾಕಿದರೆ ಪದರು ಪದರಾಗಿ ಬಿಚ್ಚಿಕೊಂಡು ಬಂತು. ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಸಿಂಕಿನ ಆಸುಪಾಸು ಒಣಗಿರುವುದೇ ಅಪರೂಪ. ಮಲಪ್ರಭೆ ನೀರು ವಾರಕ್ಕೊಮ್ಮೆ ಬರುತ್ತಿದ್ದ ಕಾಲದಲ್ಲಿ ಕಟ್ಟೆಯ ಕೆಳಗೆ ಕೊಡ, ಹಂಡೆ, ಡ್ರಮ್ಮು ತುಂಬಿಟ್ಟು ಬದುಕಿದವರು ನಾವು. 2008ರಲ್ಲಿ ಕೆಲವು ವಾರ್ಡುಗಳಿಗೆ ಪ್ರಯೋಗ ಅಂತ 24 ತಾಸು ನೀರು ಕೊಡಲು ಶುರು ಮಾಡಿದರು. ಉಳಿದವರು ತುಂಬಿಡುವ ಚಟ ಬಿಡಲಿಲ್ಲ. ನಲ್ಲಿಯಲ್ಲಿ ನೀರು ಬಂದರೂ ಅತ್ತಿ ಎರಡು ಕೊಡ ತುಂಬಿಡುತ್ತಾರೆ. ಕೊಡದ ಅಡಿ ಸದಾ ಪಸೆ. ಜೊತೆಗೆ ಧಾರವಾಡದ ಜುಲೈ ಮಳೆ, ಗೋಡೆಯೇ ಬೆವರುವ ಕಾಲ. ಅಲ್ಲಿ ಯಾವ ಪ್ಲೈ ತಾನೇ ಎಷ್ಟು ದಿನ ತಾಳೀತು?

ಸಿಂಕಿನ ಕೆಳಗೆ ಪ್ಲೈ ಬೇಡವೇ ಬೇಡ, ಕಡಪಾ ಹಲಗೆ ಹಾಗೇ ಇರಲಿ, ಬಾಗಿಲು ಮಾತ್ರ ಸಾಕು ಅಂತ ಮಿಸ್ತ್ರಿ ಹೇಳಿದರು. ಹಾಕಲೇಬೇಕು ಅಂದರೆ ಹಲಗೆಯ ಮೇಲೆ ಐಎಸ್ 710 ಅಂತ ಮುದ್ರೆ ಇರುವುದನ್ನು ಕೇಳಿ ತಗೊಳ್ಳಬೇಕು. ಅದು ಹಡಗಿಗೆ ಬಳಸುವ ದರ್ಜೆ, 72 ತಾಸು ಕುದಿಯುವ ನೀರಲ್ಲಿ ಇಟ್ಟರೂ ಅಂಟು ಬಿಡಬಾರದು ಅನ್ನುವುದು ಅದರ ಪರೀಕ್ಷೆ. ಅಂಗಡಿಯಲ್ಲಿ "ವಾಟರ್‌ಪ್ರೂಫ್ ಐತ್ರಿ" ಅಂತ ಬಾಯಲ್ಲಿ ಹೇಳುವುದಕ್ಕೂ ಹಲಗೆಯ ಮೇಲಿನ ಮುದ್ರೆಗೂ ಬಹಳ ಅಂತರ. ನಮ್ಮ ಕೊಟೇಶನ್ ಹಾಳೆ ಬಿಡಿಸಿ ನೋಡಿದೆ. ಸಣ್ಣ ಅಕ್ಷರದಲ್ಲಿ ಪಾರ್ಟಿಕಲ್ ಬೋರ್ಡ್ ಅಂತಿತ್ತು. ಅಂದರೆ ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ್ದು. ಅಂಚಿನಲ್ಲಿ ಒಮ್ಮೆ ನೀರು ಹೊಕ್ಕರೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಆ ಹಾಳೆಯ ಕೆಲಸ ಅಲ್ಲಿಗೆ ಮುಗಿಯಿತು.

ಇನ್ನೊಂದು ಮಾತು, ಯಾರೂ ಹೇಳದ್ದು. ಹಳೆ ಬಾಗಿಲುಗಳಲ್ಲಿ ಸಿಲಿಂಡರ್ ಇಡುವ ಖಾನೆಯ ಬಾಗಿಲಿಗೆ ಕೆಳಗೆ ಜಾಳಿಗೆ ಇತ್ತು. ನಾನು ಇಷ್ಟು ವರ್ಷ ಅದನ್ನು ಅಲಂಕಾರ ಅಂದುಕೊಂಡಿದ್ದೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಅದು ಹೊರಗೆ ಹೋಗಲು, ವಾಸನೆ ನಮ್ಮ ಮೂಗಿಗೆ ಬರಲು, ಕೆಳಗಡೆಯೇ ದಾರಿ ಬೇಕು. ಶೋರೂಮಿನ ಚಿತ್ರದಲ್ಲಿ ಸಿಲಿಂಡರ್ ಒಂದು ಬಿರುಕೂ ಇಲ್ಲದ ನುಣುಪು ಬಾಗಿಲಿನ ಹಿಂದೆ ಕೂತಿತ್ತು. ನಮ್ಮೂರ ಕೆಲವು ಬಡಾವಣೆಗಳಿಗೆ ಪೈಪ್ ಗ್ಯಾಸ್ ಬಂದಿದೆ, ಅವರ ಮಾತು ಬೇರೆ. ಸಿಲಿಂಡರ್ ಇರುವವರು ಹೊಸ ಕಪಾಟು ಮಾಡಿಸಿದರೂ ಆ ಜಾಳಿಗೆಯನ್ನು ಕೇಳಿ ಹಾಕಿಸಿಕೊಳ್ಳಿ.

ಕಲ್ಲಿನ ಆಯ್ಕೆ ಬೇಗ ಮುಗಿಯಿತು. ನಾದಿನಿಗೆ ಬಿಳಿ ಕ್ವಾರ್ಟ್ಜ್ ಮೇಲೆ ಪ್ರೀತಿ. ನನಗೆ ಅದು ಬೇಡ ಅನ್ನಿಸಿತು. ಅದು ಗಣಿಯಿಂದ ಇಡಿಯಾಗಿ ಬರುವ ಕಲ್ಲಲ್ಲ, ಕ್ವಾರ್ಟ್ಜ್ ಪುಡಿಗೆ ರೆಸಿನ್ ಬೆರೆಸಿ ಮಾಡಿದ ಹಲಗೆ. ಒಲೆಯಿಂದ ಇಳಿಸಿದ ರೊಟ್ಟಿ ಹಂಚನ್ನು ಹಾಗೇ ಇಟ್ಟರೆ ಆ ರೆಸಿನ್ ಸುಟ್ಟು ಕಲೆ ಬೀಳುತ್ತದೆ. ಬಿಳಿ ಹಲಗೆ, ಅರಿಶಿನ, ನಮ್ಮ ಮನೆ! ಮೂರೂ ಒಟ್ಟಿಗೆ ಬಾಳುವುದು ಕಷ್ಟ. ಅದಕ್ಕಿಂತ ದೊಡ್ಡ ಕಾರಣ, ಅದನ್ನು ಕತ್ತರಿಸುವವರ ಎದೆ. ಆ ಧೂಳಿನಲ್ಲಿ ಸಿಲಿಕಾ ಜಾಸ್ತಿ, ಅದು ಶ್ವಾಸಕೋಶಕ್ಕೆ ಹೋಗಿ ಸಿಲಿಕೋಸಿಸ್ ಬರುತ್ತದೆ. ಆಸ್ಟ್ರೇಲಿಯಾದಲ್ಲಿ ಕೆಲಸಗಾರರಿಗೆ ಹೀಗೆ ಆಗಿ ಆಗಿ, 2024ರ ಜುಲೈ 1ರಿಂದ ಆ ಜಾತಿಯ ಹಲಗೆಯನ್ನೇ ನಿಷೇಧಿಸಿದರು. ಗ್ರಾನೈಟಿನಲ್ಲೂ ಸಿಲಿಕಾ ಇದೆ, ಪ್ರಮಾಣ ಕಡಿಮೆ. ಆದ್ದರಿಂದ ನಮ್ಮದನ್ನು ಕತ್ತರಿಸುವಾಗ ಹಿತ್ತಲಿನಲ್ಲೇ ಮಾಡಬೇಕು, ಪೈಪಿನಿಂದ ನೀರು ಬಿಡುತ್ತಲೇ ಮಾಡಬೇಕು ಅಂತ ಹಟ ಹಿಡಿದೆ. ಆ ಹುಡುಗರು ಮೂಗಿಗೆ ಬರೀ ಕರವಸ್ತ್ರ ಕಟ್ಟಿಕೊಂಡಿದ್ದರು. ಅಂಗಡಿಯಿಂದ ಮಾಸ್ಕ್ ತರಿಸಿ ಕೊಟ್ಟೆ, ಹಾಕಿಕೊಂಡರು.

ಇಳಕಲ್ಲಿನ ಕೆಂಪು ಗ್ರಾನೈಟ್ ನನ್ನ ಮನಸ್ಸಿಗೆ ಬಂದಿತ್ತು. ಹತ್ತಿರದ ಕಲ್ಲು, ಗಟ್ಟಿ ಕಲ್ಲು, ಸೀರೆಯಂತೆ ಕಲ್ಲಿಗೂ ಆ ಊರಿಗೆ ಹೆಸರಿದೆ. ಆದರೆ ಸಾಗವಾನಿಯ ಕೆಂಪಿನ ಪಕ್ಕ ಕಲ್ಲಿನ ಕೆಂಪು ಜಗಳ ಆಡುತ್ತದೆ ಅಂತ ಕಪ್ಪನ್ನೇ ಆರಿಸಿದೆವು.

ಮುಂದಿನದು ನಿಜವಾದ ತಲೆನೋವು. ಹಳೆ ಕಡಪಾದ ಮೇಲೆಯೇ ಹೊಸ ಗ್ರಾನೈಟ್ ಕೂರಿಸುವುದೋ, ಹಳೆಯದನ್ನು ಒಡೆಯುವುದೋ? ಮೇಲೆಯೇ ಕೂರಿಸಿದರೆ ಧೂಳು ಕಡಿಮೆ, ಖರ್ಚು ಕಡಿಮೆ, ಕೆಳಗಿನ ಚೌಕಟ್ಟಿಗೆ ಒಂದು ಪೆಟ್ಟೂ ಬೀಳುವುದಿಲ್ಲ. ಆದರೆ ಕಲ್ಲು ಮತ್ತು ಅದರ ಕೆಳಗಿನ ಸಿಮೆಂಟ್ ಸೇರಿ ಕಟ್ಟೆ ಒಂದೂವರೆ ಇಂಚಿನಷ್ಟು ಏರುತ್ತದೆ. ನಲ್ಲಿ, ಗೋಡೆಯ ಟೈಲ್ಸ್, ಮಿಕ್ಸರ್ ಪ್ಲಗ್ ಎಲ್ಲ ಅಷ್ಟಷ್ಟು ಕೆಳಗೆ ಹೋದಂತೆ. ಒಡೆದರೆ ಎತ್ತರ ಸರಿಹೋಗುತ್ತದೆ, ಆದರೆ ಸುತ್ತಿಗೆ ಬಿದ್ದಾಗ ಚೌಕಟ್ಟು ಬಿರಿಯುತ್ತದೆ. ಹಳೆ ಕಪಾಟು ಹಾಳಾಗುವುದು ಹೆಚ್ಚಾಗಿ ಹೀಗೇ, ಹಳತಾಗಿ ಅಲ್ಲ. ಗೌಂಡಿ ಮೊದಲು ಬಂದು ಒಡೆದು ಹೋಗುತ್ತಾನೆ, ಆಮೇಲೆ ಬಡಿಗ ಬಂದು "ಇದು ಉಳಿಯೂದಿಲ್ರಿ" ಅನ್ನುತ್ತಾನೆ. ಆಗ ಟ್ರಾಲಿಯವರಿಗೆ ಫೋನು.

ನಾವು ಒಡೆಯುವುದೇ ಅಂತ ತೀರ್ಮಾನಿಸಿ, ಮಿಸ್ತ್ರಿಯನ್ನು ಮೊದಲು ಕರೆಸಿದೆವು. ಅವರು ಬಾಗಿಲುಗಳನ್ನು ಬಿಚ್ಚಿ, ಒಳಗಡೆ ಸುಣ್ಣದ ಕಡ್ಡಿಯಿಂದ ಅಂಕಿ ಬರೆದು, ಚೌಕಟ್ಟನ್ನೂ ಇಡಿಯಾಗಿ ಹೊರಗೆ ತೆಗೆದು ಹಿತ್ತಲ ಗೋಡೆಗೆ ಒರಗಿಸಿದರು. ಗೌಂಡಿಗೆ ಇದು ಸರಿಬರಲಿಲ್ಲ, "ಮೇಲಿಂದ ಮೇಲೆ ತಗೀತಿದ್ದೆ, ಸುಮ್ನ ಎರಡು ದಿನ ಹಾಳು" ಅಂತ ಗೊಣಗಿದ. ಗೊಣಗಲಿ ಬಿಡಿ. ಕಡಪಾ ಒಡೆದ ಮೇಲೆ ಕೆಳಗಿನ ಗೋಡೆಗಳನ್ನು ನೋಡಿದರೆ ಒಂದು ಗೋಡೆ ಅರ್ಧ ಇಂಚು ತಗ್ಗಿತ್ತು. ಸಿಂಕಿನ ಮುಂದೆ ಬಿರುಕು ಬಂದದ್ದು ಅದಕ್ಕೇ, ಕಲ್ಲು ಅಲ್ಲಿ ಗಾಳಿಯ ಮೇಲೆ ನಿಂತಿತ್ತು. ಲೆವೆಲ್ ಪೈಪ್ ಹಿಡಿದು ಸರಿಮಾಡಿದರು. ಗೋಡೆಯ ಬುಡಕ್ಕೆ ಗೆದ್ದಲಿನ ಔಷಧ ಹೊಡೆಸಿದೆವು. ಹುಳ ಕಟ್ಟಿಗೆಯಿಂದ ಹುಟ್ಟುವುದಿಲ್ಲ, ಮಣ್ಣಿನಿಂದ ಗೋಡೆ ಹಿಡಿದು ಬರುತ್ತದೆ. ಇದನ್ನು ಬಿಟ್ಟು ಹೊಸ ಕಪಾಟು ಹಾಕಿಸಿದರೆ ಅದಕ್ಕೂ ಅದೇ ಗತಿ.

ನನ್ನ ತಂಗಿ ಹುಬ್ಬಳ್ಳಿ ವಿದ್ಯಾನಗರದ ಫ್ಲಾಟಿನಲ್ಲಿ ಇದಕ್ಕೆ ತದ್ವಿರುದ್ಧ ಮಾಡಿದಳು, ಅವಳು ಮಾಡಿದ್ದೇ ಸರಿ. ಅವಳದು ಬಿಲ್ಡರ್ ಹಾಕಿಸಿ ಕೊಟ್ಟ ಪೆಟ್ಟಿಗೆಗಳು, ಅವುಗಳ ಮೇಲೆ ಕಲ್ಲು. ಮೇಲಿನ ಮನೆಯ ಪೈಪ್ ಸೋರಿ ಎರಡು ಪೆಟ್ಟಿಗೆ ಉಬ್ಬಿದ್ದವು, ಕಲ್ಲು ಒಂದು ಕಡೆ ವಾಲಿತ್ತು. ಅವಳೂ ಮೊದಲು "ಕಲ್ಲಷ್ಟೇ ಹೊಸದು ಹಾಕಿಸ್ತೀನಿ ಅಕ್ಕಾ" ಅಂದಿದ್ದಳು. ಬೇಡ ಅಂದೆ. ಅಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಅವಳು ಎಲ್ಲ ಕಿತ್ತು, ಕೆಳಗೆ ಇಟ್ಟಿಗೆ ಗೋಡೆ ಕೊಡಿಸಿ, ಮೇಲೆ ಕಲ್ಲು ಹಾಸಿ, ಒಳಗೆ ಸ್ಟೀಲ್ ಟ್ರಾಲಿ ಇಳಿಸಿಕೊಂಡಳು. ನಾಳೆ ಟ್ರಾಲಿ ತುಕ್ಕು ಹಿಡಿದರೆ ಎಳೆದು ಬಿಸಾಕಬಹುದು, ಕಲ್ಲಿನ ತಂಟೆಗೆ ಹೋಗಬೇಕಿಲ್ಲ. ಯಾವ ಮನೆಯಲ್ಲೇ ಆಗಲಿ, ಕಪಾಟು ಕಲ್ಲನ್ನು ಹೊತ್ತಿದೆಯೋ ಬರೀ ಮುಚ್ಚಿದೆಯೋ ಅಂತ ಒಂದು ಬಾಗಿಲು ತೆಗೆದು ಬಗ್ಗಿ ನೋಡಿದರೆ ಸಾಕು, ಅರ್ಧ ವಾದ ಅಲ್ಲೇ ಮುಗಿಯುತ್ತದೆ. ಉಳಿದರ್ಧ ದಬ್ಬಣದ ಕೆಲಸ.

ನಮ್ಮ ಬಾಗಿಲುಗಳು ಮತ್ತೆ ಕೂತವು. ಗೆದ್ದಲು ಬಿಳಿ ಭಾಗ ತಿಂದಿದ್ದ ಕಾಲನ್ನು ಮಿಸ್ತ್ರಿ ಬದಲಿಸಿಕೊಟ್ಟರು, ಬಿಜಾಗರಿ ಎಲ್ಲ ಹೊಸದು ಹಾಕಿದರು, ಹಳೆ ಪಾಲಿಶ್ ಉಜ್ಜಿ ತೆಗೆದು ಎಣ್ಣೆ ಹಚ್ಚಿದರು. ಎರಡು ಖಾನೆಗಳಿಗೆ ಮಾತ್ರ ಒಳಗೆ ಎಳೆಯುವ ಡ್ರಾವರ್ ಮಾಡಿಸಿಕೊಂಡೆ, ಬಗ್ಗಿ ಹಿಂದಿನ ಡಬ್ಬಿ ತೆಗೆಯುವುದು ಇನ್ನು ನನ್ನ ಸೊಂಟಕ್ಕೆ ಆಗುವ ಮಾತಲ್ಲ. ಸಿಂಕಿನ ಕೆಳಗಿನ ಹೊಸ ಬಾಗಿಲು ಬಣ್ಣದಲ್ಲಿ ಪಕ್ಕದವುಗಳ ಜೊತೆ ಹೊಂದುವುದಿಲ್ಲ. ಬಂದ ನೆಂಟರು ಮೊದಲು ಗಮನಿಸುವುದು ಅದನ್ನೇ, ಕಲ್ಲನ್ನಲ್ಲ.

ಟ್ರಾಲಿಗೆ ಅಂತ ತೆಗೆದಿಟ್ಟ ದುಡ್ಡಿನಲ್ಲಿ ಬಹಳಷ್ಟು ಉಳಿದಿದೆ. ಅದರಲ್ಲಿ ಚಿಮಣಿ ಹಾಕಿಸೋಣ ಅನ್ನುವುದು ನಮ್ಮವರ ವಾದ. ಒಗ್ಗರಣೆ ಹೊಗೆ ಹೋಗಲು ಎದುರಿನ ಕಿಟಕಿ ಸಾಕು ಅನ್ನುವುದು ಅತ್ತಿಯ ವಾದ. ನಾನು ಸದ್ಯಕ್ಕೆ ಅತ್ತಿಯ ಪಕ್ಷ.